ಕಳ್ಳನ ಪಾತ್ರ

“ಇವತ್ತು ನೀನು ಕಳ್ಳಿ,” ಎಂದರು ಹಲ್ಲಿನ ಡಾಕ್ಟರು.

ಪಾತ್ರೆ ತೊಳೆಯುತ್ತಿದ್ದ ಕೆಲಸದಾಕೆ ಒದ್ದೆ ಕೈಯಲ್ಲೇ ನಡುಮನೆಗೆ ಬಂದು ಡಾಕ್ಟರ ಹೆಂಡತಿಯ ಮುಖ ನೋಡಿದಳು. ಆಕೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಹಿಂದಿನ ಬೀದಿಯಲ್ಲೊಂದು ಕಳ್ಳತನವಾದದ್ದೇ ತಡ, ಡಾಕ್ಟರು ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿ, ಪರವಾನಗಿ ಮಾಡಿಸಿ, ಜನ್ಮದಲ್ಲಿ ಮೊದಲ ಸಲ ಒಂದು ಪಿಸ್ತೂಲು ತಂದಿದ್ದರು. ತಂದು ಎರಡು ವಾರವಾದರೂ ಒಬ್ಬ ಕಳ್ಳನೂ ಇತ್ತ ಸುಳಿದಿರಲಿಲ್ಲ. ಕಡೇಪಕ್ಷ ಅಭ್ಯಾಸವಾದರೂ ಆಗಲಿ ಎಂದು ಹೆಂಡತಿಯನ್ನು ಕಳ್ಳಿಯಾಗಲು ಕರೆದರೆ, ಈ ಮನೆಗೆ ಇಪ್ಪತ್ತೈದು ವರ್ಷ ದುಡಿದು ಕೊನೆಗೆ ಕಳ್ಳಿ ಅನ್ನಿಸಿಕೊಳ್ಳಲಾ ಎಂದು ಆಕೆ ಸುತರಾಂ ಒಪ್ಪಲಿಲ್ಲ. ಒಂಬತ್ತು ವರ್ಷ ದುಡಿದವಳನ್ನಾದರೆ ಹಾಗೆ ಕರೆಯಬಹುದೆಂದು ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು.

“ನಾನೇ ಯಾಕೆ ಡಾಕ್ಟ್ರೇ?”

“ನೀನಾದ್ರೆ ಸಹಜವಾಗಿರುತ್ತೆ,” ಎಂದ ಡಾಕ್ಟರು, ಆಡಿದ್ದು ತಮ್ಮ ಕಿವಿಗೇ ಬಿದ್ದು, “ಅಂದ್ರೆ, ಮನೆ ಎಲ್ಲ ಗೊತ್ತಲ್ಲ ನಿಂಗೆ,” ಎಂದು ತೇಪೆ ಹಾಕಿದರು. ಆಮೇಲೆ ಖಾಲಿ ಪಿಸ್ತೂಲನ್ನು ಅವಳ ಮುಖದ ನೇರಕ್ಕೆ ಹಿಡಿದು ತೋರಿಸುತ್ತ, ವೃತ್ತಿಯ ಅಭ್ಯಾಸಬಲದಿಂದ, “ಹೆದರ್ಬೇಡ, ಸ್ವಲ್ಪಾನೂ ನೋವಾಗಲ್ಲ,” ಎಂದರು.

ಅವಳಿಗೆ ಬಂದದ್ದು ಇಕ್ಕಟ್ಟು. ನೆಟ್ಟಗೆ ಕದಿಯದಿದ್ದರೆ ಹೇಳಿದ ಕೆಲಸ ಮಾಡಲಿಲ್ಲ ಅನ್ನುತ್ತಾರೆ. ನೆಟ್ಟಗೆ ಕದ್ದರೆ ಇರುವ ಕೆಲಸವೇ ಹೋದೀತು. ಈ ಮನೆ ಬಿಟ್ಟು ಹೋಯಿತೆಂದರೆ ಅವಳು ಕೆಲಸಕ್ಕೆ ಹೋಗುವ ಇನ್ನುಳಿದ ಮೂರು ಮನೆಯವರೂ ಯಾಕೆ, ಏನಾಯ್ತು ಎಂದು ಹುಬ್ಬೇರಿಸುತ್ತಾರೆ. ಆದರೆ ಅರೆಬರೆ ಕೆಲಸ ಅವಳ ಕೈಗೆ ಒಗ್ಗಿದ್ದಲ್ಲ. ಹಿಂಬಾಗಿಲಿಗೆ ಹೋಗಿ ಚಪ್ಪಲಿ ಬಿಟ್ಟು ಒಳಗೆ ಬಂದಳು.

ಹಗಲು ಹನ್ನೊಂದು ಗಂಟೆಗೆ ಡಾಕ್ಟರು ಹೊದ್ದು ಮಲಗಿ ಸುಳ್ಳು ಗೊರಕೆ ಹೊಡೆಯುತ್ತಿದ್ದರು. ಸದ್ದಾದ ಕೂಡಲೇ ಎದ್ದು, ಬೀರುವಿನಿಂದ ಪಿಸ್ತೂಲು ತೆಗೆದು, ಕಳ್ಳನನ್ನು ನಿಂತ ಜಾಗದಲ್ಲೇ ನಿಲ್ಲಿಸುವುದೆಂದು ಯೋಜನೆ. ಸದ್ದೇ ಆಗಲಿಲ್ಲ. ಯಾವ ಬಾಗಿಲು ಕಿರುಗುಟ್ಟುತ್ತದೆ, ಯಾವ ಬೀಗದ ಕೈ ಯಾವ ದಿಂಬಿನ ಕೆಳಗಿದೆ ಎಂಬುದು ಆ ಮನೆಯಲ್ಲಿ ಅವಳೊಬ್ಬಳಿಗೇ ಪೂರ್ತಿ ಗೊತ್ತು. ಕಾದು ಕಾದು ಡಾಕ್ಟರಿಗೆ ನಿಜವಾದ ನಿದ್ದೆಯೇ ಹತ್ತಿತು. ಎಬ್ಬಿಸಿದಾಗ ಊಟದ ಮೇಜಿನ ಮೇಲೆ ಹೆಂಡತಿಯ ಬಳೆಗಳಿದ್ದವು, ಮನೆಪತ್ರವಿತ್ತು, ಹೆಂಡತಿಯ ಕಣ್ಣು ತಪ್ಪಿಸಿ ಡಾಕ್ಟರು ಬಚ್ಚಿಟ್ಟುಕೊಂಡಿದ್ದ ಸಿಗರೇಟು ಪ್ಯಾಕಿತ್ತು, ಎಲ್ಲದರ ನಡುವೆ ಪಿಸ್ತೂಲೂ ಇತ್ತು.

“ಅಟ್ಟದ ಮೇಲಿಂದೂ ತರ್ಲಾ, ಇಷ್ಟು ಸಾಕಾ?” ಎಂದು ಕೇಳಿದಳು.

ಡಾಕ್ಟರ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಸಿಗರೇಟು ಕಾಣುವವರೆಗೆ. ಡಾಕ್ಟರು ನಗಲಿಲ್ಲ. ಒಂಬತ್ತು ವರ್ಷದಿಂದ ಇವಳಿಗೆ ಎಲ್ಲವೂ ಗೊತ್ತಿತ್ತು ಎಂಬುದಷ್ಟೇ ಅವರ ತಲೆಯಲ್ಲಿ ಗುಂಯ್ಗುಟ್ಟುತ್ತಿತ್ತು. ಒಂಬತ್ತು ವರ್ಷದಿಂದ ಒಂದು ಚಮಚವೂ ಕಾಣೆಯಾಗಿಲ್ಲ ಎಂಬುದು ಆ ತಲೆಯೊಳಗೆ ಹೋಗಲೇ ಇಲ್ಲ. ಅವಳನ್ನು ಬೇಗನೆ ಮನೆಗೆ ಕಳಿಸಿ, ಗಂಡ ಹೆಂಡತಿ ಸಂಜೆಯವರೆಗೂ ಒಂದೊಂದನ್ನೂ ಹೊಸ ಜಾಗದಲ್ಲಿ ಬಚ್ಚಿಟ್ಟರು. ಪಿಸ್ತೂಲಿನ ಹೊಣೆ ಡಾಕ್ಟರದು. ಯಾರಿಗೂ ಹೊಳೆಯದ ಜಾಗವನ್ನು ಹುಡುಕಿ, ಅಲ್ಲಿಂದ ತೆಗೆದು ಅದಕ್ಕಿಂತ ಒಳ್ಳೆಯ ಜಾಗ ಹುಡುಕಿ, ಕೊನೆಗೆ ತಮಗೂ ಹೊಳೆಯದ ಜಾಗದಲ್ಲಿ ಇಟ್ಟುಬಿಟ್ಟರು.

ಮರುದಿನ ಅವಳು ಬಂದಾಗ ಮನೆ ಬುಡಮೇಲಾಗಿತ್ತು. ಹುಡುಕಿ ಸೋತ ಇಬ್ಬರೂ ಸೋಫಾದ ಮೇಲೆ ಕುಸಿದು ಕೂತಿದ್ದರು. ಡಾಕ್ಟರು ಅಂಗಿಯ ಜೇಬಿನಲ್ಲಿ ಗುಂಡುಗಳನ್ನು ಗಲಗಲ ಅಲುಗಿಸುತ್ತ, ಮಧ್ಯಾಹ್ನದೊಳಗೆ ಪಿಸ್ತೂಲು ಸಿಗದಿದ್ದರೆ ಠಾಣೆಗೆ ಬರೆದುಕೊಡಬೇಕಾಗುತ್ತದೆ, ಯಾರ ಮೇಲೆ ಅನುಮಾನ ಎಂದು ಅಲ್ಲಿ ಕೇಳಿಯೇ ಕೇಳುತ್ತಾರೆ ಎಂದು ಗೋಡೆಗೆ ಹೇಳಿದರು.

“ನಾನು ಹೋದ್ಮೇಲೆ ತಾನೆ ನೀವು ಬಚ್ಚಿಟ್ಟಿದ್ದು?”

“ಅದು ಸರೀನಮ್ಮಾ,” ಎಂದಳು ಡಾಕ್ಟರ ಹೆಂಡತಿ. “ಆದ್ರೂ ನೀನೊಂದ್ಸಲ ಹುಡುಕು.”

“ಸಿಕ್ಕಿದ್ರೆ ಇವಳಿಗೆ ಹೇಗೆ ಗೊತ್ತಿತ್ತು ಅಂತೀರಿ. ಸಿಗದಿದ್ರೆ ಇವಳೇ ಹೊತ್ಕೊಂಡು ಹೋದ್ಲು ಅಂತೀರಿ. ಎರಡ್ರಲ್ಲಿ ಯಾವುದು ಅಂತ ಮೊದ್ಲೇ ಹೇಳ್ಬಿಡಿ ಅಮ್ಮಾವ್ರೇ, ಹಾಗೇ ಹುಡುಕ್ತೀನಿ.”

ಉತ್ತರಕ್ಕೆ ಅವಳು ಕಾಯಲಿಲ್ಲ. ಅವರು ಬೆಳಗಿನಿಂದ ಪಿಸ್ತೂಲು ಹುಡುಕಿದ್ದರು, ಅವಳು ಕೊಳೆ ಹುಡುಕಿದಳು. ನಿನ್ನೆ ಗುಡಿಸಿ ಹೋದ ಉಗ್ರಾಣದ ಹೊಸ್ತಿಲಲ್ಲಿ ಬಿಳಿ ಪುಡಿ ಮೆತ್ತಿದ ಚಪ್ಪಲಿಯ ಗುರುತು. ಒಳಗೆ, ಡಾಕ್ಟರು ಹಲ್ಲಿನ ಅಚ್ಚು ಮಾಡಲು ಬಳಸುವ ಪುಡಿಯ ದೊಡ್ಡ ಡಬ್ಬ. ಮೊಣಕೈವರೆಗೆ ಕೈ ಹಾಕಿದಳು.

ಪಿಸ್ತೂಲಿನ ಪುಡಿ ಕೊಡವುತ್ತ ಅವಳು ನಡುಮನೆಗೆ ಬಂದದ್ದೇ ಡಾಕ್ಟರ ಎರಡೂ ಕೈ ತಾವಾಗಿಯೇ ಮೇಲಕ್ಕೆದ್ದವು. ಗುಂಡುಗಳೆಲ್ಲ ತಮ್ಮ ಯಜಮಾನರ ಜೇಬಿನಲ್ಲೇ ಇವೆ ಎಂಬುದು ಪಾಪ, ಆ ಕೈಗಳಿಗೆ ಗೊತ್ತಿರಲಿಲ್ಲ. ಗಂಡನನ್ನು ನೋಡಿ ಹೆಂಡತಿಯೂ ಎತ್ತಿದಳು.

ಕೆಲಸದಾಕೆ ಪಿಸ್ತೂಲನ್ನು ಮೇಜಿನ ಮೇಲಿಟ್ಟು ಬಕೆಟ್ಟು ತಂದಳು.

“ಕೈ ಇಳಿಸಿ ಡಾಕ್ಟ್ರೇ,” ಎಂದಳು. “ನೆಲ ಒರೆಸ್ಬೇಕು. ಕಾಲು ಎತ್ತಿದ್ರೆ ಸಾಕು.”