ಸದ್ದಿಲ್ಲದ ಮೋಟಾರು

ಮೋಟಾರಿನ ಮುಂದಿನ ಚಕ್ರಕ್ಕೆ ಕಲ್ಲು ಒತ್ತುಕೊಟ್ಟು ಉಗ್ರಪ್ಪ ಹಿಂದೆ ಸರಿದು ನೋಡಿದ. ಸದ್ಯ, ಅಲುಗಲಿಲ್ಲ. ಅದರ ಮೂತಿ ಇಳಿಜಾರಿನ ಕಡೆಗಿತ್ತು. ಕಲ್ಲು ಒದ್ದರೆ ಸಾಕು, ದಿಣ್ಣೆಯ ಮೇಲಿನ ಮನೆಯಂಗಳದಿಂದ ಕೆಳಗಿನ ಹುಣಸೆಮರದ ತನಕ ತಾನೇ ಉರುಳಿಕೊಂಡು ಹೋಗುತ್ತದೆ. ಎಂಜಿನ್ ಎಂದೋ ಸತ್ತಿದೆಯೆಂದು ಯಾರಿಗೆ ಗೊತ್ತಾಗಬೇಕು?

ಮಾರಿಕಣಿವೆಯ ಅಣೆಕಟ್ಟೆ ಕೆಲಸಕ್ಕೆ ಸುಣ್ಣ ಸಾಗಿಸಿ ಅನುಕೂಲಸ್ಥನಾದ ಗುತ್ತಿಗೆದಾರ ಈ ಉಗ್ರಪ್ಪ. ಅನುಕೂಲ ಹೆಚ್ಚಾದರೆ ಶೋಕಿ ಬರದೆ ಇರುತ್ತದೆಯೇ? ಬೆಂಗಳೂರಿಗೆ ಹೋದವನು ಹರಾಜಿನಲ್ಲಿ ಒಂದು ಪುಟ್ಟ ಹಳೇ ಮೋಟಾರು ಹಿಡಿದುಕೊಂಡು ಬಂದ. ಒಂದು ಬೇಸಿಗೆ ಓಡಿತು. ಆಮೇಲೆ ಅಂಗಳದಲ್ಲೇ ಠಿಕಾಣಿ ಹೂಡಿ, ಹೆಂಡತಿ ಕೊಟ್ರಮ್ಮ ಇಟ್ಟ ರಂಗೋಲಿಯ ಮೇಲೆ ದಿನಾ ಕಪ್ಪೆಣ್ಣೆ ಸುರಿಸತೊಡಗಿತು. ಎಷ್ಟು ಸಾರಿಸಿದರೂ ಕಲೆ ಹೋಗಲಿಲ್ಲ. ಕೊನೆಗೊಂದು ದಿನ ಆಕೆ ಸೆಗಣಿ ಬುಟ್ಟಿಯನ್ನು ಅಲ್ಲೇ ಕುಕ್ಕಿದಳು.

"ಆ ಹಾಳು ಎಂಜಿನ್ನು ಬಾಗ್ಲಾಗೆ ಇರೋ ತನಕ ನಾನು ಈ ಹೊಸ್ಲು ತುಳಿಯಲ್ಲ" ಎಂದವಳೇ ಹೊಳಲ್ಕೆರೆಯ ತವರಿಗೆ ಹೊರಟುಹೋದಳು.

ಹಬ್ಬಕ್ಕಾದರೂ ಬರುತ್ತಾಳೆ ಅಂದುಕೊಂಡ. ಬರಲಿಲ್ಲ. ತಾನೇ ತಿರುವಿದ ಗಂಟುಗಂಟು ಮುದ್ದೆ ನುಂಗಿ ನುಂಗಿ ಉಗ್ರಪ್ಪ ಸೊರಗಿದ. ಮುದ್ದೆ ಹಾಳಾಗಿ ಹೋಗಲಿ, ಬೈಯುವವರಿಲ್ಲದ ಮನೆಯಲ್ಲಿ ಅವನಿಗೆ ಒಂದು ಗಳಿಗೆಯೂ ಇರಲಾಗುತ್ತಿರಲಿಲ್ಲ. ಮೋಟಾರಿಗೆ ಗಿರಾಕಿ ಸಿಕ್ಕಿದ್ದಾನೆಂದು ಹೇಳಿಕಳಿಸಿದ. "ಶುಕ್ರವಾರ ಸಂಜೆಗೆ ಬರ್ತೀನಿ. ಬಾಗ್ಲಾಗೆ ಅದು ಕಂಡ್ರೆ ಗಾಡಿಯಿಂದ ಇಳಿಯಲ್ಲ, ಹಂಗೇ ವಾಪಸ್ ತಿರುಗ್ತೀನಿ" ಎಂದು ಉತ್ತರ ಬಂತು. ಇವತ್ತೇ ಶುಕ್ರವಾರ.

ಗಿರಾಕಿ ಹೊಸದುರ್ಗದ ಕೊಬ್ಬರಿ ವ್ಯಾಪಾರಿ ಪಂಚಾಕ್ಷರಪ್ಪ. ಸೊಂಟ ಹಿಡಿದು ವರ್ಷವಾಗಿತ್ತು. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿಕೊಂಡು, ಬೋರಲು ಮಲಗಿಕೊಂಡು, ಪ್ರತಿ ಗುಂಡಿಗೂ ಶಿವನನ್ನು ಕರೆಯುತ್ತ ಬಂದಿದ್ದರು. ಹುಣಸೆಮರದ ಕೆಳಗೇ ಗಾಡಿ ಬಿಡಿಸಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ದಿಣ್ಣೆ ಹತ್ತಿದರು. ಹಿಂದೆ ಅವರ ಗಾಡಿ ಹೊಡೆಯುವ ಚಿತ್ತಯ್ಯ.

"ಬರ್ರಿ ಬರ್ರಿ, ಕುಂತ್ಕಳ್ರಿ ಯಜಮಾನ್ರೆ."

"ಕುಂತ್ರೆ ಏಳಾಕಾಗಲ್ರೀ. ಮೊದ್ಲು ಗಾಡಿ ತೋರಿಸ್ರಿ. ಚಿತ್ತಯ್ಯ, ಕೆಳಗೆ ಬಗ್ಗಿ ಅಚ್ಚು ನೋಡಲೇ."

ಚಿತ್ತಯ್ಯ ಅಂಗಾತ ಮಲಗಿ ಮೋಟಾರಿನ ಕೆಳಗೆ ತೂರಿದ. ಗುಟ್ಟು ಬಯಲಾದೀತೆಂದು ಉಗ್ರಪ್ಪನೂ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡಿದ. ಆ ಪುಣ್ಯಾತ್ಮ ಎಂಜಿನ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅಚ್ಚಿನ ಕಬ್ಬಿಣವನ್ನು ಕುಟ್ಟಿ ನೋಡಿದ, ಗೇಣು ಹಾಕಿ ಅಳೆದ, "ಗಟ್ಟಿ ಐತೆ" ಎಂದು ಎದ್ದು ಬಂದ. ಮೋಟಾರನ್ನು ಹೀಗೂ ನೋಡುತ್ತಾರೆಯೇ! ಉಗ್ರಪ್ಪನಿಗೆ ನಗು ತಡೆಯುವುದೇ ಕಷ್ಟವಾಯಿತು.

ಧೈರ್ಯ ಬಂದು ಬಡಾಯಿ ಬಿಟ್ಟ. "ಹತ್ತು ಕುದುರೆ ಬಲ ಐತ್ರಿ ಈ ಎಂಜಿನ್ನಿಗೆ!"

ಪಂಚಾಕ್ಷರಪ್ಪನವರ ಮುಖ ಇಳಿಯಿತು. "ಹತ್ತಾ? ಅಷ್ಟ್ಯಾಕ್ರೀ ನನಗೆ? ಎರಡರ ಬಲ ಸಾಕಿತ್ತು. ಭಾರನೂ ಜಾಸ್ತಿ ಇರಬೇಕಲ್ಲ?"

"ಭಾರ ಅಂದ್ರೆ ಭಾರ! ಆಳುಗಳು ಸೇರಿ ಎತ್ತಬೇಕು. ಭಾರ ಇದ್ರೇನೇ ಬಾಳಿಕೆ."

ಮುಖ ಇನ್ನಷ್ಟು ಇಳಿಯಿತು. ಓಟಕ್ಕೆ ಹೆದರಿದರು ಅಂದುಕೊಂಡ ಉಗ್ರಪ್ಪ. ಕೈಗೆ ಬಂದ ಗಿರಾಕಿ ಜಾರಿದರೆ ಕೊಟ್ರಮ್ಮನೂ ಜಾರಿದಳೆಂದೇ ಲೆಕ್ಕ. ಅವಸರವಸರವಾಗಿ ಅವರನ್ನು ಮೆತ್ತನೆಯ ಸೀಟಿನಲ್ಲಿ ಕೂರಿಸಿದ. ಮುಂದೆ ಹೋಗಿ ಎಂಜಿನ್ ಶುರು ಮಾಡುವ ಹ್ಯಾಂಡಲ್ ತಿರುಗಿಸುವ ನಾಟಕವಾಡಿದ, ಬಗ್ಗಿದವನು ಮರೆಯಲ್ಲಿ ಕಲ್ಲನ್ನು ಒದ್ದ, ಓಡಿ ಬಂದು ಒಳಗೆ ಹಾರಿಕೊಂಡ.

ಮೋಟಾರು ಉರುಳಿತು. ಎಂಜಿನ್ ಸದ್ದಿಲ್ಲದ ಕೊರತೆಯನ್ನು ಉಗ್ರಪ್ಪ ಹಾರ್ನ್ ಒತ್ತಿ ಒತ್ತಿ ತುಂಬಿದ. ಪೋಂ ಪೋಂ! ಮೇಯುತ್ತಿದ್ದ ಕುರಿಗಳು ದಿಕ್ಕಾಪಾಲಾದವು. ಗುಂಡಿ ಬಂತು, ಕಲ್ಲು ಬಂತು. ಪಂಚಾಕ್ಷರಪ್ಪ ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದರು. ಮೆಲ್ಲನೆ ಒಂದು ಕಣ್ಣು ತೆರೆದರು. ನೋವಿಲ್ಲ! ಇನ್ನೊಂದೂ ತೆರೆದರು.

"ಸದ್ದೇ ಇಲ್ವಲ್ರೀ ಎಂಜಿನ್ನಿಂದು?"

ಉಗ್ರಪ್ಪ ಇನ್ನೊಮ್ಮೆ ಹಾರ್ನ್ ಒತ್ತಿದ. "ಇದು... ಉತ್ತಮ ಜಾತೀದು ನೋಡ್ರಿ. ಸುಮ್ನಿರ್ತೈತೆ."

"ಸುಮ್ನಿದ್ರೇ ಚೆಂದ ಬಿಡ್ರಿ. ಈ ಹಿತ ಸಾಕು ನನಗೆ."

ಹುಣಸೆಮರದ ಕೆಳಗೆ ಮೋಟಾರು ತಾನಾಗಿ ನಿಂತಿತು. ಪಂಚಾಕ್ಷರಪ್ಪ ಯಾರ ಕೈಯನ್ನೂ ಹಿಡಿಯದೆ ಇಳಿದರು. ಸೊಂಟ ಮುಟ್ಟಿ ನೋಡಿಕೊಂಡರು. ಕಣ್ಣಲ್ಲಿ ನೀರಾಡಿತು. ವರ್ಷದಿಂದ ಅನುಭವಿಸಿದ ಮನುಷ್ಯ, ಪಾಪ. ಉಗ್ರಪ್ಪನಿಗೂ ಒಂದು ಕ್ಷಣ ಮನಸ್ಸು ಕಲಕಿತು. ಆದರೆ ಹೆಂಡತಿ ನೆನಪಾಗಿ ಮತ್ತೆ ಗಟ್ಟಿಯಾಯಿತು.

"ವ್ಯಾಪಾರ ಕುದುರ್ತು. ಒಂದೇ ಮಾತು ಐತೆ," ಅಂದರು ಪಂಚಾಕ್ಷರಪ್ಪ. "ಬೇಕಾದ್ದು ಒಯ್ತೀನಿ, ಬೇಡದ್ದು ನಿಮಗೇ ಬಿಡ್ತೀನಿ. ಆಮೇಲೆ ತಕರಾರು ತೆಗೀಬಾರದು."

ಹಾರ್ನೋ, ಹರಕಲು ಮೇಲ್ಹೊದಿಕೆಯೋ ಇರಬೇಕು. "ಧಾರಾಳವಾಗಿ!" ಎಂದ ಉಗ್ರಪ್ಪ. ಎಲೆ ಅಡಿಕೆ ಕೈ ಬದಲಾಯಿತು. ಎಲೆ ಅಡಿಕೆಯಾದ ಮೇಲೆ ಮಾತಿಗೆ ತಪ್ಪಿದವನಿಗೆ ಈ ಸೀಮೆಯಲ್ಲಿ ಹೆಣ್ಣೂ ಕೊಡುವುದಿಲ್ಲ, ನೀರೂ ಕೊಡುವುದಿಲ್ಲ. ಇನ್ನು ಪಂಚಾಕ್ಷರಪ್ಪ ತಲೆಕೆಳಗಾಗಿ ನಿಂತರೂ ವ್ಯಾಪಾರ ಮುರಿಯುವಂತಿರಲಿಲ್ಲ.

"ಎಂಜಿನ್ ಕಾದೈತೆ, ತಣ್ಣಗಾದ ಮೇಲೆ ಹೊರಡ್ರಿ" ಎಂದು ಹೇಳಿ ಉಗ್ರಪ್ಪ ಮೆಲ್ಲಗೆ ಮನೆಯ ಕಡೆ ಹೆಜ್ಜೆ ಹಾಕಿದ. ಅಂಗಳಕ್ಕೆ ನೀರು ಹಾಕಬೇಕು. ಕೊಟ್ರಮ್ಮನ ಗಾಡಿ ಈಗ ಅರ್ಧ ದಾರಿಯನ್ನಾದರೂ ದಾಟಿರಬೇಕು. ಸಂತೋಷಕ್ಕೆ ಅವನಿಗೆ ಶಿಳ್ಳೆ ಹೊಡೆಯುವಂತಾಯಿತು.

ಹಿಂದೆ ಗೆಜ್ಜೆ ಸದ್ದಾಯಿತು. ತಿರುಗಿ ನೋಡಿದ. ಚಿತ್ತಯ್ಯ ಎತ್ತುಗಳನ್ನು ಹಿಡಿದುಕೊಂಡು, ಹೆಗಲ ಮೇಲೆ ನೊಗ ಹೊತ್ತು ಮೋಟಾರಿನ ಮೂತಿಯ ಮುಂದೆ ಬಂದು ನಿಂತಿದ್ದ.

"ಅಲ್ಲೇ ನಿಲ್ರಿ ಉಗ್ರಪ್ಪ, ನಾವೂ ಬಂದ್ವಿ," ಎಂದು ಪಂಚಾಕ್ಷರಪ್ಪ ಕೂಗಿ ಹೇಳಿದರು. "ಎತ್ತು ಕಟ್ಟಿ ದಿಣ್ಣೆ ಹತ್ತಿಸಿ, ಎಂಜಿನ್ನು ಬಿಚ್ಚಿ ನಿಮ್ಮನೆ ಬಾಗ್ಲಾಗೇ ಇಳಿಸಿ ಹೋಗ್ತೀವಿ. ಅಷ್ಟು ಭಾರ ನನ್ನ ಎತ್ತು ಯಾಕ್ರೀ ಎಳೀಬೇಕು?"