ಅತ್ತೆಯ ಭರಣಿಯ ಬೀಜಗಳು

ಗಿಡಗಳು ಮಾತು ಕಲಿತು ಹತ್ತು ವರ್ಷವಾಗಿದ್ದರೂ ನೀಲಗಂಗಮ್ಮನ ಕೈಗೆ ಇಂಥ ಮೊಂಡು ಗಿಡಗಳು ಸಿಕ್ಕಿರಲಿಲ್ಲ. ತೀರಿಕೊಂಡ ಅತ್ತೆ ಕುಂಕುಮದ ಭರಣಿಯಲ್ಲಿ ಬಚ್ಚಿಟ್ಟಿದ್ದ ಮೂವತ್ತು ವರ್ಷದ ಹಳೇ ಗಾಂಜಾ ಬೀಜಗಳವು. ಬೀಜವಾಗಿದ್ದಾಗ ಕೇಳಿಸಿಕೊಂಡದ್ದನ್ನೇ ಗಿಡ ಆಡುತ್ತದೆ. ಅಡುಗೆಮನೆ ಪಕ್ಕದ ಕೋಣೆಯಲ್ಲಿ ದೀಪ ಹಾಕಿ ಬೆಳೆಸಿ, ಗಂಡು ಗಿಡಗಳನ್ನೆಲ್ಲ ಕಿತ್ತು, ನಾಲ್ಕು ಒಳ್ಳೆಯವನ್ನು ಉಳಿಸಿದ್ದಳು. ಈಗಿನ ಕಾನೂನಿನಂತೆ ಮನೆಗೊಂದು ಗಾಂಜಾ ಗಿಡ ಇಟ್ಟುಕೊಳ್ಳಬಹುದು; ನಾಲ್ಕರಲ್ಲಿ ಒಂದನ್ನು ಆರಿಸಬೇಕಿತ್ತು. ಪರವಾನಗಿಗೆ ಅಧಿಕಾರಿಯ ಮುಂದೆ ಅದು ತನ್ನ ಹೆಸರನ್ನು ತಾನೇ ಹೇಳಬೇಕು, ಅಷ್ಟೇ.

ಅಧಿಕಾರಿ ಖಾಕಿ ತೊಟ್ಟು ಬಂದದ್ದೇ ತಪ್ಪಾಯಿತು. ಬೀಜಗಳು ಪೊಲೀಸರಿಗೆ ಹೆದರುತ್ತಿದ್ದ ಕಾಲದವು.

“ನಿನ್ನ ಹೆಸರೇನವ್ವಾ?” ಎಂದು ಅವನು ಮೊದಲ ಗಿಡವನ್ನು ಕೇಳಿದ.

“ಪುಂಡಿಪಲ್ಲೆ ರೀ.”

ಗಾಂಜಾದಂಥದೇ ಎಲೆಯ ಆ ಹುಳಿಸೊಪ್ಪಿನ ಹೆಸರು ಹೇಳಿಯೇ ಅತ್ತೆ ಆಗ ಪೊಲೀಸರನ್ನು ಸಾಗಹಾಕುತ್ತಿದ್ದಳು. ಎರಡನೆಯದೂ ಮೂರನೆಯದೂ ಅದನ್ನೇ ಅಂದವು. ನಾಲ್ಕನೆಯದಂತೂ ಅತ್ತೆಯ ದನಿಯಲ್ಲೇ ಶುರುಮಾಡಿತು: “ಪುಂಡಿಪಲ್ಲೆ ಅಲ್ದ ಮತ್ತೇನ್ರೀ ಸಾಹೇಬ್ರ? ನಮ್ಮ ಸೊಸಿ ಭಾಳ ಛಲೋ ಮಾಡ್ತಾಳ, ಎರಡು ರೊಟ್ಟಿ ಉಂಡು ಹೋಗ್ರಿ.”

ನೀಲಗಂಗಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಇಪ್ಪತ್ತು ವರ್ಷ ಒಂದೇ ಒಲೆಯ ಮುಂದೆ ಕಳೆದರೂ ಅತ್ತೆ ಅವಳ ಅಡುಗೆಯನ್ನು ಒಮ್ಮೆಯೂ ಹೊಗಳಿರಲಿಲ್ಲ.

“ಗಿಡ ಹೇಳಿದ್ದನ್ನೇ ಬರ್ಕೋಬೇಕು ನಾವು. ಪುಂಡಿಪಲ್ಲೆಗೆ ಪರವಾನಗಿ ಬೇಕಾಗಿಲ್ಲ ಬಿಡ್ರಿ,” ಎಂದು ನಗುತ್ತ ಅಧಿಕಾರಿ ಹೊರಟುಹೋದ.

ನಾಲ್ಕನೆಯದನ್ನೇ ಉಳಿಸಿಕೊಳ್ಳುವುದೆಂದು ನೀಲಗಂಗಮ್ಮ ಆಗಲೇ ತೀರ್ಮಾನಿಸಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಅದರ ಬಳಿ ಬಗ್ಗಿದಳು.

“ಇನ್ನೊಮ್ಮಿ ಅನ್ರಿ, ಅತ್ತಿ.”

“ಪೊಲೀಸ ಹೋದ್ನೇನ?”

“ಹೂಂ ರೀ, ಹೋದ.”

“ಹಂಗಾರ ಖರೇ ಹೇಳ್ತೀನಿ. ಉಪ್ಪು ಜಾಸ್ತಿ ಹಾಕ್ತಿ.”