ಅವ್ವ ಹೊಡೆದ ಸಲ್ಯೂಟು

ಗಂಜಿ ಹಾಕಿದ ಬಟ್ಟೆಗೆ ಇಸ್ತ್ರಿ ತಾಗಿದ ವಾಸನೆ ಬಂದರೆ ಇಂದಿಗೂ ಬೈರಿದೇವರಕೊಪ್ಪದ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಅವ್ವ ನನ್ನ ಗೈಡ್ಸ್ ಸ್ಕಾರ್ಫಿಗೆ ಇಸ್ತ್ರಿ ಮಾಡುತ್ತಿದ್ದಳು. ಜೊತೆಯ ಹುಡುಗಿಯರೇ ನನ್ನನ್ನು ಗೈಡ್ಸ್‌ನ ಗೌರವ ದಳಕ್ಕೆ ಆರಿಸಿದ್ದರು. ಮುಂದಿನ ವಾರ ಧಾರವಾಡದಲ್ಲಿ ದಳದ ಕೂಟ, ವಸತಿಯೂ ಅಲ್ಲೇ. ಅಪ್ಪನ ಒಪ್ಪಿಗೆ ಕೇಳಲು ಗೈಡ್ಸ್ ಕಲಿಸುವ ಅಕ್ಕೋರು ಸಾಲೆಯಿಂದ ನಮ್ಮ ಮನೆಗೇ ಬಂದಿದ್ದರು.

"ಹೆಣ್ಣಹುಡುಗೀನ ರಾತ್ರಿ ಹೊರಗ ಕಳಸೂದು ಆಗೂದಿಲ್ರಿ," ಎಂದುಬಿಟ್ಟರು ಅಪ್ಪ.

ಅಕ್ಕೋರು ಏಳಲು ಹೊರಟಾಗ ಅವ್ವ ಇಸ್ತ್ರಿ ಬದಿಗಿಟ್ಟು ಬಂದಳು. ಮಂದಿಯ ಮುಂದೆ ಅಪ್ಪನಿಗೆ ಎಂದೂ ಎದುರಾಡದವಳು ಸೆರಗು ಸಿಕ್ಕಿಸಿ, ನೆಟ್ಟಗೆ ನಿಂತು, ಮೂರು ಬೆರಳು ಹಣೆಗೆತ್ತಿ ಅಕ್ಕೋರಿಗೆ ಸಲ್ಯೂಟ್ ಹೊಡೆದಳು. ಗೈಡ್ ಪ್ರತಿಜ್ಞೆಯನ್ನು ಒಂದಕ್ಷರ ತಪ್ಪದೆ ಹೇಳಿದಳು. ಅಪ್ಪನ ಕೈಯಲ್ಲಿದ್ದ ಬಸಿ ಓರೆಯಾಗಿ ಚಹಾ ತೊಡೆಯ ಮೇಲೆ ಸುರಿದರೂ ಅವರಿಗೆ ಗೊತ್ತಾಗಲಿಲ್ಲ.

"ನೀ... ಇದನ್ನ ಯಾವಾಗ ಕಲ್ತಿ?" ಎಂದರು ಅಪ್ಪ.

"ಸಾಲ್ಯಾಗ ನನ್ನೂ ದಳಕ್ಕ ಆರಿಸಿದ್ರು. ನಮ್ಮ ಅಪ್ಪಾರೂ ಹಿಂಗ ಅಂದಿದ್ರು," ಎಂದಳು ಅವ್ವ.

ಅಪ್ಪ ಹೊಸಬರನ್ನು ನೋಡಿದಂತೆ ಅವಳ ಮುಖವನ್ನೇ ನೋಡಿದರು. ಆಮೇಲೆ ಅಕ್ಕೋರ ಕಡೆ ತಿರುಗಿ ಕೇಳಿದರು: "ಬಸ್ ಎಷ್ಟಕ್ಕ ಬಿಡ್ತೈತ್ರಿ, ಅಕ್ಕೋರ?"